ಮುದ್ದೆಗೆ ಕಾಲು ಗಂಟೆ, ಪೊಲೆಂಟಾಗೆ ಮುಕ್ಕಾಲು ಗಂಟೆ

ರಾಗಿ ಮುದ್ದೆಯ ಮನೆಗಳಲ್ಲಿ ಎಸರು ಕುದಿದು, ಹಿಟ್ಟು ಬಿದ್ದು, ಕೋಲು ಆಡಿ, ಮುದ್ದೆ ಕಟ್ಟಿ ತಟ್ಟೆಗೆ ಬರಲು ಕಾಲು ಗಂಟೆ ಸಾಕು. ಉತ್ತರ ಇಟಲಿಯ ಲೊಂಬಾರ್ಡಿ, ವೆನೆತೊ, ಫ್ರಿಯುಲಿ ಸೀಮೆಗಳಲ್ಲಿ ಪೊಲೆಂಟಾ ಎಂಬ ಅಡುಗೆ ಉಂಟು. ಅಲ್ಲೂ ಅದೇ ಎಸರು, ಉಪ್ಪು, ಹಿಟ್ಟು, ಕೋಲು. ಧಾನ್ಯ ಮಾತ್ರ ಮೆಕ್ಕೆಜೋಳ. ಆದರೆ ಅದು ಒಲೆಯಿಂದ ಇಳಿಯುವುದು ಮುಕ್ಕಾಲು ಗಂಟೆ ಕಳೆದ ಮೇಲೆ.

ಧಾನ್ಯ ಬೇರೆ, ಅದಕ್ಕೇ ಹೊತ್ತೂ ಬೇರೆ ಎಂದು ಹೇಳಿ ಸುಮ್ಮನಾಗುವಂತಿಲ್ಲ. ಮೆಕ್ಕೆಜೋಳದ ಪಿಷ್ಟ ನೀರು ಕುಡಿದು ಗಂಜಿಯಾಗುವುದು 62ರಿಂದ 72 ಡಿಗ್ರಿ ಸೆಲ್ಸಿಯಸ್ ನಡುವೆ. ರಾಗಿಯ ಪಿಷ್ಟವೂ ಹೆಚ್ಚುಕಡಿಮೆ ಅಷ್ಟೇ ಬಿಸಿ ಕೇಳುತ್ತದೆ. ಪಾತ್ರೆಯಲ್ಲಿ ಕುದಿಯುತ್ತಿರುವ ನೀರು ಅದಕ್ಕಿಂತ ಎಷ್ಟೋ ಮೇಲಿದೆ. ಪೊಲೆಂಟಾ ಮಾಡಿ ನೋಡಿದವರಿಗೆ ಗೊತ್ತು, ಐದೇ ನಿಮಿಷಕ್ಕೆ ಅದು ದಪ್ಪಗಾಗಿ, ಬೆಂದಿತು ಎನ್ನುವ ಹಾಗೆ ಕಾಣುತ್ತದೆ. ಒಂದು ಚಮಚ ಬಾಯಿಗೆ ಹಾಕಿಕೊಂಡರೆ ಮರಳು ಕಡಿದಂತೆ, ಹಸಿಹಸಿ. ಹಾಗಾದರೆ ಉಳಿದ ನಲವತ್ತು ನಿಮಿಷ ಪಾತ್ರೆಯೊಳಗೆ ನಡೆಯುವುದೇನು?

ಪೊಲೆಂಟಾ ನನಗೆ ಸೇರುವುದಿಲ್ಲ ಎನ್ನುವವರಲ್ಲಿ ಬಹಳ ಮಂದಿ ಅದನ್ನು ತಿಂದಿರುವುದು ಈ ನಲವತ್ತು ನಿಮಿಷ ಕಳೆಯುವ ಮುಂಚೆಯೇ ಎಂದು ನನ್ನ ನಂಬಿಕೆ. ಅವರು ತಿಂದದ್ದು ಪೊಲೆಂಟಾ ಆಗುವ ದಾರಿಯಲ್ಲಿದ್ದ ಏನನ್ನೋ.

ಯಾವ ಹಿಟ್ಟು?

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳೋಣ. ಅಂಗಡಿಯಲ್ಲಿ ಕಾರ್ನ್‌ಫ್ಲೋರ್ ಎಂದು ಸಿಗುವ ಬಿಳಿ ಪುಡಿ ಬರೀ ಪಿಷ್ಟ. ಸೂಪು, ಗೋಬಿ ಮಂಚೂರಿಗಳಿಗೆ ಸರಿ. ಅದರಿಂದ ಪೊಲೆಂಟಾ ಆಗುವುದಿಲ್ಲ, ಅಂಟು ಆಗುತ್ತದೆ. ರೊಟ್ಟಿಗೆಂದು ನುಣ್ಣಗೆ ಬೀಸಿದ ಹಳದಿ ಹಿಟ್ಟೂ ಇದಕ್ಕೆ ಅಷ್ಟಾಗಿ ಒಗ್ಗುವುದಿಲ್ಲ. ಪೊಲೆಂಟಾಗೆ ಬೇಕಾದದ್ದು ತರಿ, ಅಂದರೆ ಒಂದೊಂದು ಚೂರೂ ಅರ್ಧದಿಂದ ಒಂದು ಮಿಲಿಮೀಟರ್ ಇರುವ ರವೆ. ಉತ್ತರ ಕರ್ನಾಟಕದವರು ಬಿಳಿಜೋಳವನ್ನು ಒಡೆದು ನುಚ್ಚು ಬೇಯಿಸಿ ಮಜ್ಜಿಗೆಯಲ್ಲಿ ಉಣ್ಣುತ್ತಾರಲ್ಲ, ಪೊಲೆಂಟಾಗೆ ನಿಜವಾದ ಹತ್ತಿರದ ನೆಂಟ ಆ ನುಚ್ಚು. ದಾವಣಗೆರೆ, ಹಾವೇರಿ ಕಡೆ ಮೆಕ್ಕೆಜೋಳ ಎಕರೆಗಟ್ಟಲೆ ಬೆಳೆಯುತ್ತದಾದರೂ ಅದರ ಬಹುಪಾಲು ಹೋಗುವುದು ಕೋಳಿ ಆಹಾರಕ್ಕೆ ಮತ್ತು ಪಿಷ್ಟದ ಕಾರ್ಖಾನೆಗಳಿಗೆ.

ಇಟಲಿಗೂ ಮೆಕ್ಕೆಜೋಳ ಹೊರಗಿನಿಂದ ಬಂದದ್ದೇ. ಮೆಕ್ಸಿಕೊದ ದಕ್ಷಿಣದಲ್ಲಿ ಸುಮಾರು 9,000 ವರ್ಷಗಳ ಹಿಂದೆ ಜನ ಪಳಗಿಸಿದ ಈ ಬೆಳೆ ಕೊಲಂಬಸನ ಪ್ರಯಾಣಗಳ ನಂತರ ಅಟ್ಲಾಂಟಿಕ್ ದಾಟಿ, 16ನೇ ಶತಮಾನದ ನಡುವಿನ ಹೊತ್ತಿಗೆ ವೆನಿಸ್ ಸುತ್ತಲಿನ ಹೊಲಗಳಲ್ಲಿ ಬೇರೂರಿತು. ಅದಕ್ಕೂ ಮುಂಚೆ ಪೊಲೆಂಟಾ ಆಗುತ್ತಿದ್ದದ್ದು ಬೇರೆ ಧಾನ್ಯಗಳಿಂದ. ಪ್ರಾಚೀನ ರೋಮನ್ನರು ಒಂದು ಬಗೆಯ ಗೋಧಿಯಿಂದ ಇಂಥದ್ದೇ ಗಂಜಿ ಮಾಡಿ ಉಣ್ಣುತ್ತಿದ್ದರು. ಅಲೆಸ್ಸಾಂಡ್ರೊ ಮಾಂಜೋನಿ 1827ರಲ್ಲಿ ಪ್ರಕಟಿಸಿದ ‘ಇ ಪ್ರೊಮೆಸ್ಸಿ ಸ್ಪೋಸಿ’ ಕಾದಂಬರಿಯ ಕಥೆ ಶುರುವಾಗುವುದು 1628ರಲ್ಲಿ. ಅದರಲ್ಲಿ ತೋನಿಯೊ ಎಂಬ ಬಡವ ಒಲೆಯ ಮುಂದೆ ಕೂತು ಪೊಲೆಂಟಾ ತಿರುವುತ್ತಿರುತ್ತಾನೆ, ಮಕ್ಕಳು ಪಾತ್ರೆಯ ಮೇಲೇ ಕಣ್ಣು ನೆಟ್ಟು ನಿಂತಿರುತ್ತಾರೆ. ಆ ಪೊಲೆಂಟಾ ಬೂದು ಬಣ್ಣದ್ದು, ಬಕ್‌ವೀಟ್ ಎಂಬ ಕಾಳಿನ ಹಿಟ್ಟಿನದು. ಇಷ್ಟು ಜನಕ್ಕೆ ಅಷ್ಟು ಸಣ್ಣ ಪೊಲೆಂಟಾವೇ ಎಂದು ಓದುವಾಗ ಹೊಟ್ಟೆ ಕಿವುಚುತ್ತದೆ.

ಗಂಟು ಹೇಗೆ ಆಗುತ್ತದೆ

ಪಿಷ್ಟ ಹಿಟ್ಟಿನಲ್ಲಿ ಇರುವುದು ಬಿಡಿಬಿಡಿ ಕಣಗಳಾಗಿ. ಮೆಕ್ಕೆಜೋಳದ ಒಂದು ಪಿಷ್ಟಕಣದ ಅಗಲ ಸರಾಸರಿ ಒಂದು ಮಿಲಿಮೀಟರಿನ ನೂರರಲ್ಲಿ ಒಂದೂವರೆ ಭಾಗ. ಒಂದು ಮಿಲಿಮೀಟರ್ ತರಿಯ ಈ ತುದಿಯಿಂದ ಆ ತುದಿಗೆ ಇಂಥ ಅರವತ್ತಕ್ಕೂ ಹೆಚ್ಚು ಕಣಗಳು ಸಾಲಾಗಿ ನಿಲ್ಲುತ್ತವೆ. ಪ್ರತಿ ಕಣದಲ್ಲೂ ಸಕ್ಕರೆಯ ಅಣುಗಳನ್ನು ಪೋಣಿಸಿದ ಎರಡು ಬಗೆಯ ಸರಪಳಿಗಳು ಇರುತ್ತವೆ. ಉದ್ದಕ್ಕೆ ಹೋಗುವ ನೇರ ಸರಪಳಿ ಒಂದು, ರೆಂಬೆಕೊಂಬೆ ಒಡೆದ ಕವಲು ಸರಪಳಿ ಇನ್ನೊಂದು. ವಿಜ್ಞಾನಿಗಳು ನೇರದ್ದಕ್ಕೆ ಅಮೈಲೋಸ್ ಎಂದೂ ಕವಲಿನದಕ್ಕೆ ಅಮೈಲೋಪೆಕ್ಟಿನ್ ಎಂದೂ ಹೆಸರಿಟ್ಟಿದ್ದಾರೆ. ಸಾಮಾನ್ಯ ಮೆಕ್ಕೆಜೋಳದಲ್ಲಿ ಸುಮಾರು ಕಾಲು ಭಾಗ ನೇರ ಸರಪಳಿ, ಮುಕ್ಕಾಲು ಭಾಗ ಕವಲು ಸರಪಳಿ. ಈ ಎರಡು ಹೆಸರು ನೆನಪಿಟ್ಟುಕೊಂಡರೆ ಮುಂದಿನದೆಲ್ಲ ಸಲೀಸು.

ತಣ್ಣೀರಿನಲ್ಲಿ ಸರಪಳಿಗಳು ಒತ್ತೊತ್ತಾಗಿ ಬಿಗಿದುಕೊಂಡೇ ಇರುತ್ತವೆ, ನೀರಿಗೆ ಹೆಚ್ಚು ಜಾಗ ಸಿಗುವುದಿಲ್ಲ. ಅದಕ್ಕೇ ತಣ್ಣೀರಿಗೆ ಹಿಟ್ಟು ಕಲಸಿಟ್ಟರೆ ಸ್ವಲ್ಪ ಹೊತ್ತಿಗೆ ಅದು ತಳ ಸೇರುತ್ತದೆ. ಬಿಸಿ 60 ಡಿಗ್ರಿ ದಾಟುತ್ತಲೂ ಬಿಗಿ ಸಡಿಲುತ್ತದೆ, ನೀರು ಒಳಗೆ ನುಗ್ಗುತ್ತದೆ, ಕಣ ಹಲವು ಪಟ್ಟು ಉಬ್ಬುತ್ತದೆ. ಒಂದಿಷ್ಟು ನೇರ ಸರಪಳಿಗಳು ಕಣದಿಂದ ಹೊರಬಂದು ಸುತ್ತಲಿನ ನೀರಿನಲ್ಲಿ ಸೇರಿ ಅದನ್ನು ದಪ್ಪಗೆ ಮಾಡುತ್ತವೆ. ಇದನ್ನು ಪಿಷ್ಟದ ಅರಳಿಕೆ ಎಂದು ಕರೆಯೋಣ.

ಗಂಟಿಗೆ ಕಾರಣ ಈ ಅರಳಿಕೆಯ ಅವಸರ. ಒಂದು ಹಿಡಿ ಹಿಟ್ಟನ್ನು ಕುದಿಯುವ ನೀರಿಗೆ ಒಮ್ಮೆಲೇ ಹಾಕಿದರೆ ರಾಶಿಯ ಹೊರಗಿನ ಕಣಗಳು ಕ್ಷಣದಲ್ಲಿ ಅರಳಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆ ಅಂಟಿನ ಪದರ ದಾಟಿ ನೀರು ಒಳಗೆ ಹೋಗಲಾರದು. ಅಂಥ ಗಂಟನ್ನು ಒಡೆದು ನೋಡಿ, ನಡುವೆ ಒಣ ಹಿಟ್ಟು ಹಾಗೇ ಇರುತ್ತದೆ, ಬೆರಳಿಗೆ ಪುಡಿಯಾಗಿ ಹತ್ತುತ್ತದೆ. ಮುದ್ದೆ ಮಾಡುವವರು ಮೊದಲು ಒಂದೆರಡು ಚಮಚ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಎಸರಿಗೆ ಬಿಡುವುದು, ಆಮೇಲೆ ಹಾಕಿದ ಹಿಟ್ಟನ್ನು ಕೋಲಿನಿಂದ ಬಲವಾಗಿ ತೊಳಸುವುದು, ಇವೆಲ್ಲ ಈ ಪದರ ಕಟ್ಟದಂತೆ ಕಾಯುವ ಉಪಾಯಗಳೇ. ಇಟಲಿಯವರು ಎಡಗೈಯಲ್ಲಿ ತರಿ ಹಿಡಿದು ಬೆರಳ ಸಂದಿಯಿಂದ ಸಣ್ಣ ಮಳೆ ಹನಿಸಿದ ಹಾಗೆ ಉದುರಿಸುತ್ತ ಬಲಗೈಯಲ್ಲಿ ತಿರುವುತ್ತಾರೆ. ಚೂರು ಚೂರೂ ಬೇರೆಯಾಗಿ ನೀರಿಗೆ ಬಿದ್ದರೆ ಎಲ್ಲಕ್ಕೂ ತನ್ನ ಪಾಲಿನ ನೀರು ಸಿಗುತ್ತದೆ. ತಣ್ಣೀರಿನಲ್ಲೇ ತರಿ ಕದಡಿ ಒಲೆಗೆ ಏರಿಸಿದರೂ ನಡೆಯುತ್ತದೆ. ಸಂಪ್ರದಾಯಸ್ಥರು ಒಪ್ಪಲಿಕ್ಕಿಲ್ಲ, ಪಿಷ್ಟಕ್ಕೆ ಅದರಿಂದ ಯಾವ ತಕರಾರೂ ಇಲ್ಲ.

ನಲವತ್ತು ನಿಮಿಷದ ಲೆಕ್ಕ

ಈಗ ಮೊದಲ ಪ್ರಶ್ನೆಗೆ ಬರೋಣ. ಐದು ನಿಮಿಷಕ್ಕೆ ಪಾತ್ರೆ ದಪ್ಪಗಾದದ್ದು ಯಾಕೆಂದರೆ ತರಿಯ ಜೊತೆ ಬಂದ ನುಣ್ಣನೆ ಪುಡಿಯೂ ತರಿಗಳ ಹೊರಮೈಯೂ ಆಗಲೇ ಅರಳಿರುತ್ತವೆ. ಪ್ರತಿ ತರಿಯ ಹೊಟ್ಟೆಯೊಳಗೆ ಮಾತ್ರ ನೀರು ಇನ್ನೂ ತಲುಪಿರುವುದಿಲ್ಲ. ಬಿಸಿ ಕೆಲವೇ ಸೆಕೆಂಡುಗಳಲ್ಲಿ ನಡುಭಾಗ ಮುಟ್ಟುತ್ತದೆ, ನೀರು ಹಾಗಲ್ಲ. ಪಿಷ್ಟ ಅರಳಲು ಎರಡೂ ಬೇಕು.

ಅವಲಕ್ಕಿಯಲ್ಲಿ ಇದು ದಿನಾ ಕಣ್ಣಿಗೆ ಬೀಳುತ್ತದೆ. ಪೇಪರ್ ಅವಲಕ್ಕಿಗೆ ನೀರು ಚಿಮುಕಿಸಿದರೆ ಸಾಕು, ಕೈ ತಿರುಗಿಸುವಷ್ಟರಲ್ಲಿ ಮೆತ್ತಗಾಗಿರುತ್ತದೆ. ಗಟ್ಟಿ ಅವಲಕ್ಕಿಯನ್ನು ನೆನೆಹಾಕಿ ಕಾಯಬೇಕು. ಅವಸರದಲ್ಲಿ ಒಗ್ಗರಣೆಗೆ ಹಾಕಿದರೆ ಹೊರಗೆ ಮೆತ್ತಗೆ, ಒಳಗೆ ಹಲ್ಲಿಗೆ ಸಿಗುವ ಬಿರುಸು. ಎರಡೂ ಅಕ್ಕಿಯೇ, ದಪ್ಪ ಮಾತ್ರ ಬೇರೆ. ಆ ದಪ್ಪಕ್ಕೂ ಕಾಯುವ ಹೊತ್ತಿಗೂ ಇರುವ ನಂಟು ಅಚ್ಚರಿಯದು. ದಪ್ಪ ಎರಡು ಪಟ್ಟಾದರೆ ನೀರು ನಡುವಿಗೆ ಇಂಗಲು ಬೇಕಾಗುವ ಹೊತ್ತು ಎರಡಲ್ಲ, ಸುಮಾರು ನಾಲ್ಕು ಪಟ್ಟು. ದಪ್ಪ ನಾಲ್ಕು ಪಟ್ಟಾದರೆ ಹೊತ್ತು ಹದಿನಾರು ಪಟ್ಟು. ನೀರಿನ ಅಣುಗಳು ಒಳಗೆ ನೇರ ನಡೆಯುವುದಿಲ್ಲ. ಅತ್ತ ಇತ್ತ ತಡಕಾಡುತ್ತ, ಒಂದು ಹೆಜ್ಜೆ ಮುಂದೆ ಒಂದು ಹೆಜ್ಜೆ ಹಿಂದೆ ಇಡುತ್ತ ಸಾಗುತ್ತವೆ. ಹಾಗಾಗಿ ದೂರ ಹೆಚ್ಚಿದಂತೆ ಹೊತ್ತು ಅದಕ್ಕಿಂತ ಜೋರಾಗಿ ಏರುತ್ತದೆ. ರಾಗಿ ಹಿಟ್ಟು ನುಣ್ಣಗಿದೆ, ಪೊಲೆಂಟಾದ ತರಿ ದಪ್ಪಗಿದೆ. ಒಗಟಿನ ದೊಡ್ಡ ಪಾಲು ಇಲ್ಲೇ ಬಿಡಿಸಿಕೊಂಡಿತು.

ಉಳಿದ ಪಾಲು ಕಾಳಿನ ಗುಣದ್ದು. ಮೆಕ್ಕೆಜೋಳದ ಕಾಳನ್ನು ಚಾಕುವಿನಿಂದ ಅಡ್ಡಕ್ಕೆ ಸೀಳಿ ಬೆಳಕಿಗೆ ಹಿಡಿದರೆ ಎರಡು ಭಾಗ ಕಾಣುತ್ತವೆ. ನಡುವೆ ಬಿಳಿ, ಉಗುರು ತಾಗಿಸಿದರೆ ಪುಡಿಯಾಗುವ ಹಿಟ್ಟುಭಾಗ. ಅದರ ಸುತ್ತ ಗಾಜಿನಂಥ ಹೊಳಪಿನ ಗಟ್ಟಿ ಭಾಗ. ಗಟ್ಟಿ ಭಾಗದಲ್ಲಿ ಪಿಷ್ಟಕಣಗಳು ಸಂದಿಲ್ಲದಂತೆ ಕೂತಿರುತ್ತವೆ, ಸಂದುಗಳನ್ನೆಲ್ಲ ಜೀನ್ ಎಂಬ ಪ್ರೊಟೀನು ಮೆತ್ತಿಕೊಂಡಿರುತ್ತದೆ. ಬಾಸ್ಟನ್ನಿನ ಜಾನ್ ಗೋರಮ್ 1821ರಲ್ಲಿ ಇದನ್ನು ಬೇರ್ಪಡಿಸಿ ತೋರಿಸಿದ. ಜೀನ್ ಆಲ್ಕೋಹಾಲಿನಲ್ಲಿ ಕರಗುತ್ತದೆ, ಬರೀ ನೀರಿನಲ್ಲಿ ಕರಗದು. ನೀರನ್ನು ದೂರವಿಡುವುದು ಅದರ ಸ್ವಭಾವ. ಇಟಲಿಯಲ್ಲಿ ಪೊಲೆಂಟಾಗೆಂದೇ ಉಳಿಸಿಕೊಂಡು ಬಂದ ಹಳೆಯ ತಳಿಗಳಲ್ಲಿ ಹೆಚ್ಚಿನವು ಈ ಗಟ್ಟಿ ಭಾಗವೇ ಜಾಸ್ತಿ ಇರುವ ಕಾಳಿನವು. ಬೇಯುವುದು ತಡ, ಆದರೆ ತರಿ ಕರಗಿ ಅಂಬಲಿಯಾಗದೆ ತನ್ನ ಮೈಕಟ್ಟು ಉಳಿಸಿಕೊಳ್ಳುತ್ತದೆ. ಬಾಯಲ್ಲಿ ಮೃದುವಾಗಿಯೂ ಕಾಳುಕಾಳಾಗಿಯೂ ಇರುವ ಪೊಲೆಂಟಾದ ಸುಖ ಈ ಗಟ್ಟಿತನದ ಫಲ.

ಇಷ್ಟು ತಿಳಿದ ಮೇಲೆ ಒಲೆಯ ಮುಂದಿನ ಕೆಲಸ ಎಷ್ಟೋ ಹಗುರ. ಒಂದು ಲೋಟ ತರಿಗೆ ನಾಲ್ಕು ಲೋಟ ನೀರು ಕನಿಷ್ಠ. ಐದಾದರೆ ಇನ್ನೂ ಒಳ್ಳೆಯದು. ನೀರು ಕಡಿಮೆಯಾದರೆ ಹೊರಗೆ ಅರಳಿದ ಪಿಷ್ಟವೇ ಅದನ್ನೆಲ್ಲ ಹಿಡಿದಿಟ್ಟುಕೊಂಡು ಒಳಗಿನ ಕಣಗಳಿಗೆ ಬಿಡುವುದಿಲ್ಲ. ಉಪ್ಪನ್ನು ಎಸರಿಗೇ ಹಾಕಬೇಕು, ಲೀಟರಿಗೆ ಸುಮಾರು 10 ಗ್ರಾಂ. ನೀರಿನ ಜೊತೆ ಅದು ತರಿಯ ಒಳಗೆ ಹೋಗುತ್ತದೆ. ಕೊನೆಗೆ ಉದುರಿಸಿದ ಉಪ್ಪು ಹೊರಗೆ ಉಪ್ಪಾಗಿ, ಒಳಗೆ ಸಪ್ಪೆಯಾಗಿ ಉಳಿಯುತ್ತದೆ.

ಮುಕ್ಕಾಲು ಗಂಟೆ ಕೈಬಿಡದೆ ತಿರುವಬೇಕೆಂಬ ಮಾತನ್ನು ನಾನು ಒಪ್ಪುವುದಿಲ್ಲ. ತಿರುವುವುದರಿಂದ ನೀರು ತರಿಯೊಳಗೆ ಬೇಗ ಇಂಗುವುದಿಲ್ಲ. ತಿರುವುವುದು ತಳ ಹಿಡಿಯದಿರಲಿ ಎಂದು. ದಪ್ಪಗಾದ ಪೊಲೆಂಟಾ ತಾನಾಗಿ ಮೇಲೆ ಕೆಳಗೆ ಆಡುವುದಿಲ್ಲ, ತಳದ್ದು ತಳದಲ್ಲೇ ಕಾದು ಸೀಯುತ್ತದೆ. ಅದಕ್ಕೆಂದೇ ಇಟಲಿಯವರು ಬಿಸಿಯನ್ನು ಸಮನಾಗಿ ಹರಡುವ ತಾಮ್ರದ ದೊಡ್ಡ ಪಾತ್ರೆ ಬಳಸುತ್ತ ಬಂದರು. ಮೊದಲ ಹತ್ತು ನಿಮಿಷ ಚೆನ್ನಾಗಿ ತಿರುವಿ, ಉರಿ ತೀರ ಸಣ್ಣ ಮಾಡಿ, ಮುಚ್ಚಳ ಮುಚ್ಚಿ, ಆಗಾಗ ತಳದಿಂದ ಒಮ್ಮೆ ಕೆದಕಿದರೆ ಸಾಕು. ಮುಚ್ಚಳ ತೆಗೆಯುವಾಗ ಜೋಪಾನ: ದಪ್ಪ ಹಿಟ್ಟಿನಡಿ ಸಿಕ್ಕಿಬಿದ್ದ ಆವಿ ಗುಳ್ಳೆ ಒಡೆದಾಗ ಸಿಡಿಯುವ ಹನಿ ಚರ್ಮಕ್ಕೆ ಅಂಟಿಕೊಂಡೇ ಸುಡುತ್ತದೆ.

ಹಿಂದಿನ ರಾತ್ರಿಯೇ ತರಿಯನ್ನು ನೆನೆಹಾಕಿದರೆ ಬೇಯುವ ಹೊತ್ತು ಸಾಕಷ್ಟು ಇಳಿಯುತ್ತದೆ. ನೀರು ಅರ್ಧ ದಾರಿಯನ್ನು ತಣ್ಣಗಿದ್ದಾಗಲೇ ಸವೆಸಿರುತ್ತದೆ. ಚಿಟಿಕೆ ಅಡುಗೆ ಸೋಡಾ ಕೂಡ ಕಾಳಿನ ಕೋಶಗಳ ಗೋಡೆಯನ್ನು ಸಡಿಲಿಸಿ ಕೆಲಸ ಬೇಗ ಮುಗಿಸುತ್ತದೆ. ಚಿಟಿಕೆ ದಾಟಿದರೆ ಸಾಬೂನಿನ ವಾಸನೆ. ಐದು ನಿಮಿಷದಲ್ಲಿ ಆಗುವ ಇನ್‌ಸ್ಟಂಟ್ ಪೊಲೆಂಟಾ ಕಾರ್ಖಾನೆಯಲ್ಲಿ ಒಮ್ಮೆ ಬೆಂದು ಒಣಗಿ ಬಂದದ್ದು. ಹಸಿವಿಗೆ ಆದೀತು, ಕಾಳಿನ ಪರಿಮಳ ಮಾತ್ರ ಬಹುಪಾಲು ಹೋಗಿರುತ್ತದೆ.

ಬೆಂದಿತೋ ಎಂದು ನೋಡಲು ಗಡಿಯಾರ ಬೇಡ. ಒಂದು ತೊಟ್ಟು ತೆಗೆದು, ಆರಿಸಿ, ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಬೇಕು. ತರಿಯ ನಡುವೆ ಚುಚ್ಚುವ ಬಿಂದು ಇದ್ದರೆ ಇನ್ನೂ ಹತ್ತು ನಿಮಿಷ, ಬೇಕಿದ್ದರೆ ಅರ್ಧ ಲೋಟ ಬಿಸಿನೀರು.

ನೀರು ಬಿಡಿಸಲಾರದ ಗಂಟು

ಎಷ್ಟೇ ಹೊತ್ತು ಬೇಯಿಸಿದರೂ ನೀರಿಗೆ ದಕ್ಕದ ಒಂದು ವಸ್ತು ಮೆಕ್ಕೆಜೋಳದಲ್ಲಿದೆ. ಅದರಿಂದ ಉತ್ತರ ಇಟಲಿಯ ಬಡವರು ಅನುಭವಿಸಿದ ಸಂಕಟವನ್ನು ಹೇಳದೆ ಪೊಲೆಂಟಾದ ಕಥೆ ಹೇಳಲು ನನಗೆ ಮನಸ್ಸು ಬಾರದು.

18ನೇ ಶತಮಾನದಲ್ಲಿ ಅಲ್ಲಿನ ಕೂಲಿಗಳಿಗೆ ಮೂರು ಹೊತ್ತೂ ಪೊಲೆಂಟಾವೇ ಊಟವಾಯಿತು. ಬಿಸಿಲು ಬಿದ್ದ ಕೈ, ಕತ್ತು, ಪಾದಗಳ ಚರ್ಮ ಕಪ್ಪಿಟ್ಟು ಬಿರಿಯುತ್ತಿತ್ತು; ಭೇದಿ ಹತ್ತುತ್ತಿತ್ತು; ಕೊನೆಗೆ ಬುದ್ಧಿ ಕೆಡುತ್ತಿತ್ತು, ಎಷ್ಟೋ ಜನ ಸಾಯುತ್ತಿದ್ದರು. ಸ್ಪೇನಿನ ವೈದ್ಯ ಗಾಸ್ಪರ್ ಕಸಾಲ್ 1735ರಲ್ಲೇ ಈ ರೋಗವನ್ನು ವಿವರಿಸಿದ್ದ. ಮಿಲಾನಿನ ಫ್ರಾಂಚೆಸ್ಕೊ ಫ್ರಪೋಲ್ಲಿ 1771ರಲ್ಲಿ ಪೆಲಾಗ್ರ ಎಂಬ ಹೆಸರನ್ನು ದಾಖಲಿಸಿದ. ಕೆಟ್ಟ, ಬೂಸ್ಟು ಹಿಡಿದ ಮೆಕ್ಕೆಜೋಳವೇ ಕಾರಣ ಎಂದು ಇಟಲಿಯ ವೈದ್ಯ ಚೆಜಾರೆ ಲೊಂಬ್ರೋಜೊ ಬಹಳ ಕಾಲ ವಾದಿಸಿದ. ಅಮೆರಿಕದ ಜೋಸೆಫ್ ಗೋಲ್ಡ್‌ಬರ್ಗರ್ 1915ರಲ್ಲಿ ಮಿಸಿಸಿಪ್ಪಿಯ ಜೈಲೊಂದರ ಕೈದಿಗಳಿಗೆ ಮೆಕ್ಕೆಜೋಳವೇ ಹೆಚ್ಚಿದ್ದ ಬಡ ಊಟ ಕೊಟ್ಟು, ರೋಗ ಬರುವುದು ಊಟದ ಕೊರತೆಯಿಂದ ಎಂದು ತೋರಿಸಿದ. ಕೊರತೆಯಿದ್ದದ್ದು ನಯಾಸಿನ್ ಎಂಬ ಜೀವಸತ್ವದ್ದು ಎಂದು ಗೊತ್ತಾದದ್ದು 1937ರಲ್ಲಿ, ಕಾನ್ರಾಡ್ ಎಲ್ವೆಯೆಮ್ ಅವರ ಪ್ರಯೋಗಗಳಿಂದ.

ವಿಚಿತ್ರವೆಂದರೆ ಮೆಕ್ಕೆಜೋಳದಲ್ಲಿ ನಯಾಸಿನ್ ಇದೆ. ಅದು ಕಾಳಿನ ನಾರಿಗೆ ಬಲವಾಗಿ ಕಟ್ಟಿಹಾಕಿಕೊಂಡಿದೆ. ಕುದಿನೀರು ಆ ಕಟ್ಟನ್ನು ಬಿಡಿಸಲಾರದು, ನಮ್ಮ ಕರುಳೂ ಬಿಡಿಸಲಾರದು. ಸುಣ್ಣದ ನೀರು ಬಿಡಿಸುತ್ತದೆ. ಮೆಕ್ಸಿಕೊದವರು ಸಾವಿರಾರು ವರ್ಷಗಳಿಂದ ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಸಿ, ತೊಳೆದು ಅರೆಯುತ್ತಾರೆ. ಅದನ್ನೇ ಉಂಡು ಬಾಳಿದರೂ ಪೆಲಾಗ್ರ ಅವರನ್ನು ಆ ಪರಿ ಕಾಡಲಿಲ್ಲ. ಕಾಳು ಯುರೋಪಿಗೆ ಬಂತು, ಸುಣ್ಣದ ಪದ್ಧತಿ ಬರಲಿಲ್ಲ. ಇದು ದೂರದ ದೇಶದ ಮಾತು ಮಾತ್ರವಲ್ಲ. ದಖ್ಖನ್ನಿನಲ್ಲಿ ಬಿಳಿಜೋಳವೇ ಮುಖ್ಯ ಊಟವಾದ ಬಡವರಲ್ಲೂ ಪೆಲಾಗ್ರ ಕಾಣಿಸಿಕೊಂಡಿತ್ತು, ಹೈದರಾಬಾದಿನಲ್ಲಿ ಸಿ. ಗೋಪಾಲನ್ ಮತ್ತು ಸಂಗಡಿಗರು 1960ರ ಹೊತ್ತಿಗೆ ಅದರ ಬೆನ್ನು ಹತ್ತಿದರು. ಹಾಲು, ಚೀಸ್, ಬೇಳೆಕಾಳು, ಮಾಂಸ ಜೊತೆಗಿದ್ದರೆ ದೇಹಕ್ಕೆ ಬೇಕಾದದ್ದು ಬೇರೆ ದಾರಿಯಿಂದ ಸಿಕ್ಕಿಬಿಡುತ್ತದೆ. ಪೊಲೆಂಟಾ ತಿಂದು ಕಾಯಿಲೆ ಬಿದ್ದವರಿಗೆ ಇದ್ದ ಕೊರತೆ ಇದೇ: ತಟ್ಟೆಯಲ್ಲಿ ಅದರ ಪಕ್ಕಕ್ಕೆ ಏನೂ ಇರಲಿಲ್ಲ.

ದಾರದಿಂದ ಕೊಯ್ಯುವುದು

ವೆನಿಸ್ಸಿನ ಕಾ ರೆಝೋನಿಕೊ ಸಂಗ್ರಹಾಲಯದಲ್ಲಿ ಪಿಯೆತ್ರೊ ಲೋಂಗಿ 1740ರ ಸುಮಾರಿಗೆ ಬರೆದ ಚಿತ್ರವಿದೆ. ಹೆಂಗಸೊಬ್ಬಳು ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ ಪಾತ್ರೆಯಿಂದ ಪೊಲೆಂಟಾ ಸುರಿಯುತ್ತಿದ್ದಾಳೆ. ಸುರಿದದ್ದು ಹರಿದು ಹೋಗುವುದಿಲ್ಲ, ನಿಧಾನವಾಗಿ ಹರಡಿ ನಿಲ್ಲುತ್ತದೆ. ಸ್ವಲ್ಪ ಹೊತ್ತಿಗೆ ಗಟ್ಟಿಯಾದ ಆ ದಿಬ್ಬವನ್ನು ಹಳ್ಳಿಗಳಲ್ಲಿ ಹತ್ತಿಯ ದಾರದಿಂದ ಕೊಯ್ಯುತ್ತಿದ್ದರು. ದಾರವನ್ನು ಅಡಿಗೆ ತೂರಿಸಿ ಮೇಲಕ್ಕೆ ಎಳೆದರೆ ಹೋಳು ಅಂಟದೆ ಬಿಡುತ್ತದೆ, ಚಾಕುವಿಗಾದರೆ ಮೆತ್ತಿಕೊಳ್ಳುತ್ತದೆ.

ತಣ್ಣಗಾಗುವಾಗ ನಡೆಯುವುದು ಬೇಯುವಾಗಿನದರ ಉಲ್ಟಾ. ಹೊರಬಂದಿದ್ದ ನೇರ ಸರಪಳಿಗಳು ಒಂದರ ಪಕ್ಕ ಒಂದು ಕೂತು ಮತ್ತೆ ಬಿಗಿದುಕೊಳ್ಳುತ್ತವೆ. ಕೆಲವೇ ಗಂಟೆಗಳಲ್ಲಿ ಇಡೀ ಪೊಲೆಂಟಾವನ್ನು ಹಿಡಿದು ನಿಲ್ಲಿಸುವ ಜಾಲ ಸಿದ್ಧ. ಕವಲು ಸರಪಳಿಗಳೂ ಹೀಗೆ ಕೂಡುತ್ತವೆ, ಆದರೆ ರೆಂಬೆಗಳು ಅಡ್ಡ ಬರುವುದರಿಂದ ಅವಕ್ಕೆ ದಿನಗಳೇ ಬೇಕು. ಸರಪಳಿಗಳು ಹತ್ತಿರವಾದಷ್ಟೂ ನಡುವಿನ ನೀರು ಹೊರಕ್ಕೆ. ಫ್ರಿಜ್ಜಿನಲ್ಲಿ ಒಂದು ರಾತ್ರಿ ಇಟ್ಟ ತಟ್ಟೆಯ ಅಂಚಿನಲ್ಲಿ ಕಾಣುವ ನೀರಿನ ಹನಿಗಳು ಹಾಗೆ ಹೊರಬಿದ್ದವು.

ಹುರಿದಾಗ

ರುಚಿ ಹತ್ತಿಸಿಕೊಳ್ಳಬೇಕೆಂದಿರುವವರಿಗೆ ನನ್ನ ಸಲಹೆ, ಮೊದಲ ದಿನದ ಮೆತ್ತನೆಯದಕ್ಕಿಂತ ಎರಡನೇ ದಿನದ ಹೋಳಿನಿಂದ ಶುರುಮಾಡಿ ಎಂದು.

ಕಾರಣ ಸರಪಳಿಗಳಲ್ಲೇ ಇದೆ. ಕವಲು ಸರಪಳಿಗಳ ಮರುಜೋಡಣೆ ಸಡಿಲ, 60 ಡಿಗ್ರಿ ಆಸುಪಾಸಿನ ಬಿಸಿಗೇ ಬಿಚ್ಚಿಕೊಳ್ಳುತ್ತದೆ. ನೇರ ಸರಪಳಿಗಳದು ಹಾಗಲ್ಲ, ಅದು ಬಿಚ್ಚಲು ಕುದಿನೀರಿನ ಬಿಸಿಯೂ ಸಾಲದು. ಹೋಳನ್ನು ಕಾವಲಿಗೆ ಹಾಕಿದಾಗ ಅದರ ಒಳಭಾಗ, ನೀರು ಇರುವವರೆಗೆ, 100 ಡಿಗ್ರಿ ದಾಟುವುದಿಲ್ಲ. ಹಾಗಾಗಿ ಕವಲಿನ ಕಟ್ಟು ಬಿಚ್ಚಿ ಒಳಗೆಲ್ಲ ಮತ್ತೆ ಮೆತ್ತಗಾಗುತ್ತದೆ, ನೇರ ಸರಪಳಿಯ ಜಾಲ ಮಾತ್ರ ಗಟ್ಟಿಯಾಗಿ ನಿಂತು ಹೋಳು ಕರಗಿ ಹರಡದಂತೆ ಹಿಡಿದಿರುತ್ತದೆ.

ಹೊರಮೈಯದು ಬೇರೆ ಕಥೆ. ಅಲ್ಲಿನ ನೀರು ಚುರುಚುರು ಎನ್ನುತ್ತ ಆವಿಯಾಗಿ ಹೋಗುತ್ತದೆ. ಆ ಸದ್ದು ಇರುವವರೆಗೆ ಮೇಲ್ಮೈಯೂ 100ರಲ್ಲೇ ಇದೆ, ಬಣ್ಣ ಬರುವುದಿಲ್ಲ. ಸದ್ದು ತಗ್ಗಿದ ಮೇಲೆ ಬಿಸಿ ಏರಿ 140 ಡಿಗ್ರಿಯ ಹತ್ತಿರ ಬರುವಾಗ ಪ್ರೊಟೀನಿನ ತುಣುಕುಗಳೂ ಸಕ್ಕರೆಯೂ ಸೇರಿ ಕಂದು ಬಣ್ಣ, ಹುರಿದ ಘಮ ಹುಟ್ಟಿಸುತ್ತವೆ. ದೋಸೆಯ ಕೆಂಪಿಗೂ ಇದೇ ಕಾರಣ. 1912ರಲ್ಲಿ ಇದನ್ನು ವಿವರಿಸಿದ ಲೂಯಿ ಕಮೀಯ್ ಮಯಾರ್ ಹೆಸರಿನಲ್ಲೇ ವಿಜ್ಞಾನಿಗಳು ಇದನ್ನು ಕರೆಯುತ್ತಾರೆ. ಆದ್ದರಿಂದ ಹೋಳುಗಳನ್ನು ಬೆರಳು ದಪ್ಪಕ್ಕೆ ಕೊಯ್ದು, ಬಟ್ಟೆಯಿಂದ ಒತ್ತಿ ಒರೆಸಿ, ಸ್ವಲ್ಪ ಹೊತ್ತು ಗಾಳಿಗಿಟ್ಟು ಆಮೇಲೆ ಕಾದ ಎಣ್ಣೆಗೆ ಇಳಿಸಬೇಕು. ಅವಸರಕ್ಕೆ ಮಗುಚಬಾರದು. ತಳ ಒಣಗಿ ಗರಿಯಾದಾಗ ಹೋಳು ತಾನೇ ಕಾವಲಿ ಬಿಡುತ್ತದೆ.

ಜೊತೆಗೆ ಬೆಣ್ಣೆ ಬೇಕೇ ಬೇಕು ಎನ್ನುವವರ ಪರ ನಾನು. ಮೆಕ್ಕೆಜೋಳದ ಹಳದಿ ಬಣ್ಣದ ವಸ್ತುಗಳು ಕೊಬ್ಬಿನಲ್ಲಿ ಕರಗುವಂಥವು, ನೀರಿನಲ್ಲಿ ಅಲ್ಲ. ಪರಿಮಳದ ಅಣುಗಳಲ್ಲೂ ಎಷ್ಟೋ ಹಾಗೆಯೇ. ಬರೀ ನೀರಿನಲ್ಲಿ ಬೆಂದ ಪೊಲೆಂಟಾ ಸಪ್ಪೆ ಎನಿಸಿದರೆ ಅದರಲ್ಲಿ ರುಚಿ ಇಲ್ಲವೆಂದಲ್ಲ, ನಾಲಿಗೆಗೂ ಮೂಗಿಗೂ ತಲುಪಿಸುವವರು ಇಲ್ಲವೆಂದು. ಬೆರ್ಗಮೊ, ವಾಲ್ತೆಲ್ಲೀನ ಕಡೆಯವರು ಬಕ್‌ವೀಟ್ ಬೆರೆಸಿದ ಪೊಲೆಂಟಾಗೆ ಒಲೆಯ ಮೇಲೇ ಬೆಣ್ಣೆ, ಚೀಸ್ ಧಾರಾಳವಾಗಿ ತಿರುವಿಬಿಡುತ್ತಾರೆ. ವಿಚೆಂಜದವರು ಹಾಲು, ಎಣ್ಣೆಯಲ್ಲಿ ಗಂಟೆಗಟ್ಟಲೆ ಬೆಂದ ಒಣಮೀನನ್ನು ಅದರ ಪಕ್ಕಕ್ಕೆ ಬಡಿಸುತ್ತಾರೆ. ಹೋಳು ಆ ರಸವನ್ನು ನಿಧಾನವಾಗಿ ಹೀರುತ್ತದೆ.